ಡೆನ್ಮಾರ್ಕ್ ದೊರೆಯ ಡಿಗ್ರಿ, ಮಾದಿಗನ ಕೈ

ದೇವಜ್ಞಾನದ ನನ್ನ ಬಿ.ಡಿ. ಡಿಗ್ರಿಗೆ ಬಲ ಕೊಟ್ಟವನು ಡೆನ್ಮಾರ್ಕಿನ ರಾಜ. ನಗಬೇಡಿ. ಬಂಗಾಳದ ಸೆರಾಂಪುರ ಆಗ ಡೇನರ ವಸಾಹತು. ಮಿಷನರಿ ವಿಲಿಯಂ ಕೇರಿ ಮತ್ತವನ ಜೊತೆಗಾರರು 1818ರಲ್ಲಿ ಅಲ್ಲೊಂದು ಕಾಲೇಜು ಕಟ್ಟಿದರು. 1827ರಲ್ಲಿ ಆರನೇ ಫ್ರೆಡೆರಿಕ್ ದೊರೆ ಪದವಿ ಕೊಡುವ ಸನ್ನದು ಬರೆದುಕೊಟ್ಟ. ಇವತ್ತಿಗೂ ನಮ್ಮ ಹಳೆಯ ಪ್ರೊಟೆಸ್ಟೆಂಟ್ ಸಭೆಗಳ ಪಾದ್ರಿಗಳು ಗೋಡೆಗೆ ನೇತುಹಾಕುವ ಡಿಗ್ರಿಯ ಬೇರು ಆ ಸನ್ನದಿನಲ್ಲೇ ಇದೆ. ಬೀದರ್ ಜಿಲ್ಲೆಯ ಮಾದಿಗರ ಕೇರಿಯಲ್ಲಿ ಹುಟ್ಟಿದ ನಾನು, ಯೂರೋಪಿನ ಸತ್ತ ದೊರೆಯೊಬ್ಬನ ದಯೆಯಿಂದ ದೇವಜ್ಞಾನ ಓದಿದವನಾದೆ.

ದೊರೆ ಒಪ್ಪಿದ. ಸಭೆ ಒಪ್ಪಲಿಲ್ಲ.

ಓದುತ್ತಿದ್ದಾಗ ಭಾನುವಾರದ ಪ್ರಾಕ್ಟಿಕಲ್ ಕೆಲಸಕ್ಕೆಂದು ನನ್ನನ್ನು ಪಟ್ಟಣದ ದೊಡ್ಡ ಸಭೆಯೊಂದಕ್ಕೆ ಹಾಕಿದ್ದರು. ಹೆಸರು ಹೇಳಲ್ಲ. ಒಂದರ ಹೆಸರು ಹೇಳಿದರೆ ಉಳಿದವರು ತಾವು ಬಚಾವಾದೆವು ಅಂದುಕೊಳ್ಳುತ್ತಾರೆ. ಪ್ರಭು ಭೋಜನದ ದಿನ ಸಭಾಪಾಲಕರು ರೊಟ್ಟಿ ಕೊಡುತ್ತಾ ಮುಂದೆ, ನಾನು ಬಿಳಿ ನಿಲುವಂಗಿ ತೊಟ್ಟು ದ್ರಾಕ್ಷಾರಸದ ಬಟ್ಟಲು ಹಿಡಿದು ಹಿಂದೆ. ರೇಷ್ಮೆ ಸೀರೆಯ ಹಿರಿಯ ಹೆಂಗಸೊಬ್ಬರು ಮೊಣಕಾಲೂರಿ ರೊಟ್ಟಿ ಇಸಿದುಕೊಂಡರು. ಬಟ್ಟಲು ಹತ್ತಿರ ಬಂದಾಗ ತಲೆ ತಗ್ಗಿಸಿದರು. ಭಕ್ತಿ ಇರಬೇಕು ಅಂತ ಕಾದೆ. ಬಟ್ಟಲಿನ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ ಮತ್ತೆ ಚಾಚಿದೆ. ಅವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕಣ್ಣು ಮೇಲೆತ್ತದೆ, ಎಡಗೈಯ ಎರಡು ಬೆರಳು ಆಡಿಸಿದರು. ಬಾಗಿಲಿಗೆ ಬಂದ ನಾಯಿಗೆ ಮುಂದೆ ಹೋಗು ಅಂತೀವಲ್ಲ, ಹಾಗೆ.

ಆರಾಧನೆ ಮುಗಿದ ಮೇಲೆ ವೆಸ್ಟ್ರಿಯಲ್ಲಿ ಸಭಾಪಾಲಕರು ನಿಲುವಂಗಿ ಮಡಚುತ್ತಾ ಅಂದರು, "ಮನಸ್ಸಿಗೆ ಹಚ್ಕೋಬೇಡಿ ಬ್ರದರ್. ಅವರು ಹಳೇ ಕಾಲದವರು. ಹೋದ ವಾರ ಅವರ ಮನೆಗೆ ಪ್ರಾರ್ಥನೆಗೆ ಹೋಗಿದ್ರಲ್ಲ, ನಿಮ್ಮ ಮೂಲ ಯಾವುದು ಅಂತ ಕೇಳಿದ್ರಂತೆ?"

ಕೇಳಿದ್ದರು. ನಾನು ಹೇಳಿದ್ದೆ.

ಆ ಸೆಮಿಸ್ಟರಿನ ಪರೀಕ್ಷೆಯಲ್ಲಿ ಬಂದ ಪ್ರಶ್ನೆ ನೋಡಿ. 1529ರಲ್ಲಿ ಮಾರ್ಬರ್ಗಿನಲ್ಲಿ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ನಡುವೆ ನಡೆದ ವಾದವನ್ನು ವಿವರಿಸಿ. ವಿವರಿಸಿದೆ. ರೊಟ್ಟಿಯಲ್ಲಿ ಕ್ರಿಸ್ತನ ದೇಹ ನಿಜವಾಗಿಯೂ ಇದೆ ಅಂತ ಲೂಥರ್, ಅದು ನೆನಪಿನ ಗುರುತು ಮಾತ್ರ ಅಂತ ಜ್ವಿಂಗ್ಲಿ. ಲೂಥರ್ ತನ್ನ ಆಧಾರವಾಕ್ಯವನ್ನು ಸೀಮೆಸುಣ್ಣದಲ್ಲಿ ಮೇಜಿನ ಮೇಲೇ ಬರೆದುಕೊಂಡು ಕೂತಿದ್ದನಂತೆ. ಸೀಮೆಸುಣ್ಣವನ್ನೂ ಬಿಡದೆ ಬರೆದೆ, ಒಳ್ಳೆ ಅಂಕ ಬಂತು. ಬಟ್ಟಲಿನೊಳಗೆ ಏನಿದೆ ಅನ್ನುವುದಕ್ಕೆ ಐದು ನೂರು ವರ್ಷದ ಗ್ರಂಥಗಳಿವೆ. ಬಟ್ಟಲು ಹಿಡಿದ ಕೈ ಯಾರದು ಅನ್ನುವುದಕ್ಕೆ ನನ್ನ ಸಿಲಬಸ್ಸಿನಲ್ಲಿ ಒಂದು ಪುಟ ಇರಲಿಲ್ಲ.

ಥಿಯಾಲಜಿ ಡಿಗ್ರಿಯಲ್ಲಿ ಏನು ಕಲಿಸಬೇಕು ಅಂತ ಕಮಿಟಿಗಳು ಕೂತು ಬಿಸ್ಕತ್ತು ತಿನ್ನುತ್ತವೆ. ಪಾಸ್ಟರಲ್ ಕೌನ್ಸೆಲಿಂಗ್ ಇನ್ನೊಂದು ಪೇಪರ್ ಇರಲಿ, ಡಿಜಿಟಲ್ ಮಿನಿಸ್ಟ್ರಿ ಇರಲಿ, ಲೀಡರ್‌ಶಿಪ್ ಇರಲಿ. ಇರಲಿ. ನನ್ನದು ಒಂದೇ ಮಾತು. ಪ್ರಸಂಗಪೀಠ ಹತ್ತುವವನು ಮೊದಲು ಕಲಿಯಬೇಕಾದ್ದು ತನ್ನ ಮುಂದೆ ಕೂತ ಜನ ಒಬ್ಬರ ಕೈಯಿಂದ ಇನ್ನೊಬ್ಬರು ಯಾಕೆ ಕುಡಿಯುವುದಿಲ್ಲ ಅನ್ನುವುದನ್ನು. ಜಾತಿ ಮೊದಲ ಪೇಪರ್ ಆಗಬೇಕು, ಕಡ್ಡಾಯ ಪೇಪರ್ ಆಗಬೇಕು. ಅದರಲ್ಲಿ ಫೇಲಾದವನಿಗೆ ಪಾದ್ರಿ ದೀಕ್ಷೆ ಕೊಡಬಾರದು. ನಾನು ಓದಿದ ಕಡೆ ದಲಿತ ಥಿಯಾಲಜಿ ಅನ್ನುವುದು ಐಚ್ಛಿಕ ಪೇಪರ್. ನಾವು ಕೇರಿಯ ಹುಡುಗರು ಮಾತ್ರ ತಗೊಂಡೆವು. ರೋಗಿಗಳೇ ಕೂತು ರೋಗದ ಪಾಠ ಕೇಳಿದೆವು. ರೋಗ ಹಚ್ಚಿದವರು ಪಕ್ಕದ ಕೋಣೆಯಲ್ಲಿ ಚರ್ಚ್ ಮ್ಯೂಸಿಕ್ ಕಲಿಯುತ್ತಿದ್ದರು.

"ಕ್ರಿಸ್ತನಲ್ಲಿ ಜಾತಿ ಇಲ್ಲ ಬ್ರದರ್." ಇದು ಪ್ರಸಂಗಶಾಸ್ತ್ರದ ಗುರುಗಳ ಮಾತು. ಅಭ್ಯಾಸ ಪ್ರಸಂಗದಲ್ಲಿ ನಾನು 'ಮಾದಿಗ' ಅಂದಿದ್ದೆ. ಪ್ರಸಂಗದ ಹಾಳೆಯಲ್ಲಿ ಆ ಪದಕ್ಕೆ ಕೆಂಪು ಶಾಯಿಯಲ್ಲಿ ದುಂಡಗೆ ಸುತ್ತು ಹಾಕಿ, ಪಕ್ಕದಲ್ಲಿ 'ಪೀಠದ ಘನತೆಗೆ ಸಲ್ಲದು' ಅಂತ ಬರೆದಿದ್ದರು. ನನ್ನಪ್ಪನ ಕುಲ ಪೀಠಕ್ಕೆ ಸಲ್ಲದು. ಗುರುಗಳೇ, ಕ್ರಿಸ್ತನಲ್ಲಿ ಜಾತಿ ಇಲ್ಲದಿರಬಹುದು. ಪಾಸ್ಟರೇಟ್ ಕಮಿಟಿಯಲ್ಲಿದೆ. ಬಿಷಪ್ ಚುನಾವಣೆಯಲ್ಲಿದೆ. ನಿಮ್ಮ ಮಗಳ ಮದುವೆಯ ಜಾಹೀರಾತಿನಲ್ಲಿದೆ.

ಹಾಗಂತ ಗ್ರೀಕ್ ಬೇಡ, ಹೀಬ್ರೂ ಬೇಡ ಅನ್ನುವ ಮೈಗಳ್ಳ ಬಂಡಾಯ ನನ್ನದಲ್ಲ. ಈಚೆಗೆ ಹೊಸ ದಯಾಳುಗಳು ಹುಟ್ಟಿಕೊಂಡಿದ್ದಾರೆ. 'ಹಳ್ಳಿ ಹುಡುಗರಿಗೆ ಭಾಷೆಗಳ ಭಾರ ಯಾಕೆ, ಗಿಟಾರ್ ಬಾರಿಸಿ ನಾಲ್ಕು ಹಾಡು ಹೇಳಿದರೆ ಸಾಕು' ಅಂತಾರೆ. ವೇದ ಕೇಳಿದರೆ ಕಿವಿಗೆ ಸೀಸ ಕಾಯಿಸಿ ಹೊಯ್ಯಿರಿ ಅಂದ ನಾಡಿದು. ಇಲ್ಲಿ ನಮ್ಮವರಿಗೆ ಮೂಲ ಗ್ರಂಥ ಬೇಡ ಅನ್ನುವವನ ದಯೆಯನ್ನು ನಾನು ನಂಬುವುದಿಲ್ಲ. ಗ್ರೀಕ್ ಕೊಡಿ, ಹೀಬ್ರೂ ಕೊಡಿ, ಪೂರ್ತಿ ಕೊಡಿ. ಆಮೇಲೆ ಕೇರಿಯ ಕಣ್ಣಲ್ಲಿ ಅದನ್ನು ಓದಲು ಬಿಡಿ.

ಓದಿದರೆ ಏನಾಗುತ್ತದೆ ಹೇಳಲೇ? ಬಡವನನ್ನು ಒಂದು ಜೊತೆ ಕೆರಕ್ಕೆ ಮಾರಿದಿರಿ ಅಂತ ಪ್ರವಾದಿ ಆಮೋಸ ಇಸ್ರಾಯೇಲಿನ ಉಳ್ಳವರ ಮೇಲೆ ಹರಿಹಾಯುತ್ತಾನೆ. ಕ್ಲಾಸಿನಲ್ಲಿ ಕ್ರಿಸ್ತಪೂರ್ವ ಎಂಟನೇ ಶತಮಾನದ ಸಮಾರ್ಯದ ಆರ್ಥಿಕತೆ, ಜರ್ಮನ್ ಪಂಡಿತರ ನಾಲ್ಕು ಅಭಿಪ್ರಾಯ, ಅಡಿಟಿಪ್ಪಣಿ. ನನ್ನ ತಾತ ಊರ ಗೌಡನ ಮನೆಗೆ ವರ್ಷವೆಲ್ಲಾ ಕೆರ ಹೊಲಿದು, ಮಿಣಿ ಹೊಸೆದು, ಬಾರಕೋಲು ಕಟ್ಟಿಕೊಟ್ಟವನು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಸೆರಗೊಡ್ಡಿದರೆ ಮೇಲಿನಿಂದ ಜೋಳ ಸುರಿಯುತ್ತಿದ್ದರು. ಒಂದು ಜೊತೆ ಕೆರಕ್ಕೆ ಮನುಷ್ಯನ ಬೆಲೆ ಎಷ್ಟು ಅಂತ ಆ ಕ್ಲಾಸಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ನನ್ನನ್ನು ಯಾರೂ ಕೇಳಲಿಲ್ಲ. ಜರ್ಮನ್ನರನ್ನು ಕೇಳಿದರು.

ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರ ಯೊಪ್ಪ ಪಟ್ಟಣದಲ್ಲಿ ಬಹಳ ದಿನ ಉಳಿಯುವುದು ಯಾರ ಮನೆಯಲ್ಲಿ? ತೊಗಲು ಹದ ಮಾಡುವ ಸೀಮೋನನ ಮನೆಯಲ್ಲಿ, ಕಡಲ ದಂಡೆಯಲ್ಲಿ. ಸತ್ತ ದನದ ಚರ್ಮ ಮುಟ್ಟುವವನ ಮನೆ ಮಡಿವಂತ ಯೆಹೂದಿಗೆ ಮೈಲಿಗೆ. ಆ ಮನೆಯ ಮಾಳಿಗೆಯ ಮೇಲೆ ಹಸಿದು ಕೂತಾಗಲೇ ಪೇತ್ರನಿಗೆ ದರ್ಶನವಾಗುವುದು, ದೇವರು ಶುದ್ಧ ಮಾಡಿದ್ದನ್ನು ನೀನು ಹೊಲೆ ಅನ್ನಬೇಡ ಅನ್ನುವ ಅರ್ಥದ ಮಾತು ಕೇಳುವುದು. ದರ್ಶನದ ಬಗ್ಗೆ ಕ್ಲಾಸ್ ನಡೆಯಿತು. ದರ್ಶನದ ನಂತರ ಪೇತ್ರ ಭೇಟಿಯಾಗುವ ರೋಮನ್ ಶತಾಧಿಪತಿ ಕೊರ್ನೇಲಿಯನ ಬಗ್ಗೆ ಇನ್ನೂ ಉದ್ದಕ್ಕೆ ನಡೆಯಿತು. ತೊಗಲಿನ ಸೀಮೋನನಿಗೆ ಒಂದು ಸಾಲೂ ಇಲ್ಲ. ಉಪ್ಪು ಸುಣ್ಣ ಹಚ್ಚಿದ ಹಸಿ ತೊಗಲಿನ ವಾಸನೆಯಲ್ಲಿ ಹುಟ್ಟಿದ ದರ್ಶನವದು. ವಾಸನೆ ತೊಳೆದು ದರ್ಶನ ಮಾತ್ರ ನಮಗೆ ಕಲಿಸಿದರು. ಇದನ್ನು ನಾನು ಶಿಕ್ಷಣ ಅನ್ನುವುದಿಲ್ಲ, ಕಳ್ಳತನ ಅನ್ನುತ್ತೇನೆ.

ಚರಿತ್ರೆಯೂ ಹಾಗೇ. 1517, ಲೂಥರನ ತೊಂಬತ್ತೈದು ಪ್ರಮೇಯಗಳು, ನಮಗೆ ಬಾಯಿಪಾಠ. 1525? ಆ ವರ್ಷ ಜರ್ಮನಿಯ ರೈತರು ಅದೇ ಸುವಾರ್ತೆ ಹಿಡಿದು ಮೆಮ್ಮಿಂಗನ್‌ನಲ್ಲಿ ಹನ್ನೆರಡು ಬೇಡಿಕೆ ಬರೆದರು. ಮೊದಲನೆಯದು, ನಮ್ಮ ಪಾದ್ರಿಯನ್ನು ನಾವೇ ಆರಿಸುತ್ತೇವೆ, ತಪ್ಪು ಮಾಡಿದರೆ ನಾವೇ ಇಳಿಸುತ್ತೇವೆ. ಮೂರನೆಯದು, ನಾವು ಯಾರ ಜೀತದವರೂ ಅಲ್ಲ. ಲೂಥರ್ ಏನು ಮಾಡಿದ? ದಂಗೆಯೆದ್ದ ರೈತರನ್ನು ಕಂಡಲ್ಲಿ ಕೊಂದುಹಾಕಿ ಅಂತ ಅರಸರಿಗೆ ಬರೆದ. ಸಾವಿರಾರು ರೈತರು ಸತ್ತರು. ಅವರ ಜೊತೆ ನಿಂತ ಪಾದ್ರಿ ಥಾಮಸ್ ಮ್ಯುಂಟ್ಸರನ ತಲೆ ಕಡಿದರು. ನಮ್ಮ ನೋಟ್ಸಿನಲ್ಲಿ ಇದು ಅರ್ಧ ಪ್ಯಾರಾ, ತಲೆಬರಹ 'ಸುಧಾರಣೆಯ ಅತಿರೇಕಗಳು'. ಅತಿರೇಕ ಯಾರದು ಅಂತ ಬರೆದಿರಲಿಲ್ಲ.

ಲೈಬ್ರರಿಗೆ ಬನ್ನಿ. ಕಿಟೆಲ್ ಅಂದರೆ ಕನ್ನಡಿಗರಿಗೆ 1894ರ ನಿಘಂಟಿನ ಫರ್ಡಿನೆಂಡ್ ಕಿಟೆಲ್, ಕೈಮುಗಿಯಬೇಕಾದ ಮನುಷ್ಯ. ಥಿಯಾಲಜಿ ಲೈಬ್ರರಿಯಲ್ಲಿ ಇನ್ನೊಬ್ಬ ಇದ್ದಾನೆ, ಗೆರ್ಹಾರ್ಡ್ ಕಿಟೆಲ್. ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಮೇಲೆ ಅವನು ಆರಂಭಿಸಿದ ಮಹಾನಿಘಂಟಿನ ಹತ್ತು ದಪ್ಪ ಇಂಗ್ಲಿಷ್ ಸಂಪುಟಗಳಿಗೆ ದೇಶದ ಸೆಮಿನರಿಗಳಲ್ಲಿ ಪೂಜೆ ಸಲ್ಲುತ್ತದೆ. ಅಗಾಪೆ ಅಂದರೆ ಪ್ರೀತಿ ಅಂತ ಅದನ್ನೇ ತೆಗೆದು ನಮಗೆ ಕಲಿಸಿದರು. ಆ ಪಂಡಿತ 1933ರಲ್ಲಿ ನಾಜಿ ಪಕ್ಷ ಸೇರಿದ್ದು, ಅದೇ ವರ್ಷ ಟ್ಯೂಬಿಂಗನ್‌ನಲ್ಲಿ ಯೆಹೂದಿಗಳ ಮೇಲೆ ಭಾಷಣ ಮಾಡಿ ಅವರನ್ನು ಜರ್ಮನಿಯಲ್ಲಿ ಅತಿಥಿಗಳ ಮಟ್ಟಕ್ಕೆ ಇಳಿಸಬೇಕು ಅಂದದ್ದು, 1945ರಲ್ಲಿ ಬಂಧನವಾದದ್ದು ಯಾರೂ ಹೇಳಲಿಲ್ಲ. ಡಿಗ್ರಿ ಮುಗಿದ ಮೇಲೆ ನಾನೇ ಓದಿ ತಿಳಿದುಕೊಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ. ಆಶ್ಚರ್ಯದಿಂದಲ್ಲ. ಪ್ರೀತಿಯ ಅರ್ಥವನ್ನು ಪುಟಗಟ್ಟಲೆ ಬಿಡಿಸಿ ಹೇಳಬಲ್ಲವನು ಪಕ್ಕದ ಮನೆಯವನನ್ನು ಮನುಷ್ಯ ಅಂತ ಕಾಣದೆ ಬದುಕಬಲ್ಲ ಅನ್ನುವುದನ್ನು ನಾನು ಕಾಲೇಜಿನಲ್ಲೇ ಕಣ್ಣಾರೆ ಕಂಡಿದ್ದೆ. ಪುಸ್ತಕ ಕಲಿಸುವ ಮುನ್ನ ಪುಸ್ತಕ ಬರೆದವನು ಯಾರ ಪಕ್ಕ ನಿಂತಿದ್ದ ಅಂತ ಕಲಿಸಿ.

ನಮ್ಮ ದೇಶದ ಕತೆ ಇನ್ನೂ ಚೆಂದ. 'ಭಾರತೀಯ ಕ್ರೈಸ್ತ ಚಿಂತನೆ' ಅಂತ ಒಂದು ಪೇಪರ್. ನೆಹೆಮಿಯಾ ಗೋರೆ, ಬ್ರಹ್ಮಬಾಂಧವ ಉಪಾಧ್ಯಾಯ, ನಾರಾಯಣ ವಾಮನ ಟಿಳಕ. ಎಲ್ಲರೂ ಬ್ರಾಹ್ಮಣ ಮನೆತನದಿಂದ ಬಂದವರು. ಆ ಪೇಪರಿಗೆ ಕ್ರಿಸ್ತನನ್ನು ವೇದಾಂತದ ಪೀಠದಲ್ಲಿ ಕೂರಿಸುವುದು ಹೇಗೆ ಅನ್ನುವುದೇ ಚಿಂತೆ. ಈ ನೆಲದ ಕ್ರೈಸ್ತರಲ್ಲಿ ಬಹುಪಾಲು ಜನ ದಲಿತರು. ಅವರ ಅಜ್ಜಂದಿರಿಗೆ ಊರ ಬಾವಿಯೇ ಸಿಗಲಿಲ್ಲ, ವೇದಾಂತ ಎಲ್ಲಿಂದ ಸಿಗಬೇಕು? 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಕರಾವಳಿಯಲ್ಲಿ ಮಿಷನ್ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಆದರೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೇ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದು ಮಿಷನರಿಯಾಗಿ ಬಂದವನು 1844ರಲ್ಲಿ ದೀಕ್ಷಾಸ್ನಾನ ಪಡೆದ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ, ಅವನು ಕಳೆದುಕೊಂಡದ್ದೂ ಬಹಳ. ಸಿಟ್ಟು ಆಯ್ಕೆಯ ಮೇಲೆ. ಜನಿವಾರ ಬಿಚ್ಚಿಟ್ಟು ಬಂದವನಿಗೆ ಬಾಸೆಲ್, ಬರಿಗೈಲಿ ಬಂದವನಿಗೆ ಮಿಷನ್ನಿನ ಹಂಚಿನ ಕಾರ್ಖಾನೆ.

ಕೊನೆಗೆ 1975ರಲ್ಲಿ ಕವಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಬೆಂಗಳೂರಿನ ಬೀದಿ ಬೀದಿಯಲ್ಲಿ ದಲಿತ ಸಂಘರ್ಷ ಸಮಿತಿಯವರು ತಮಟೆ ಬಡಿದು ಹಾಡಿದರು. ಸೆಮಿನರಿಗಳ ಕಿವಿಗೆ ಅದು ಬಿದ್ದದ್ದು ನಿಧಾನಕ್ಕೆ. 1981ರಲ್ಲಿ ಅದೇ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ದೇವಜ್ಞಾನಿ ಅರವಿಂದ್ ಪಿ. ನಿರ್ಮಲ್ ಎದ್ದು ನಿಂತು ಶೂದ್ರ ಥಿಯಾಲಜಿಯ ಕಡೆಗೆ ಹೋಗೋಣ ಅಂದರು. ದಲಿತ ಥಿಯಾಲಜಿ ಅನ್ನುವ ಮಾತು ಬೆಳೆದದ್ದು ಅಲ್ಲಿಂದ. ಅಂದಿನಿಂದ ಎಷ್ಟು ಸೆಮಿನಾರ್, ಎಷ್ಟು ಪಿಎಚ್‌ಡಿ. ಎಲ್ಲ ಇಂಗ್ಲಿಷಿನಲ್ಲಿ. ನನ್ನವ್ವ ಸತ್ಯವೇದ ಬಿಟ್ಟು ಬೇರೆ ಪುಸ್ತಕ ಮುಟ್ಟಿದವಳಲ್ಲ. ಅವಳ ಮೇಲೆ ಇಷ್ಟೊಂದು ಥಿಯಾಲಜಿ ಬರೆದಿದ್ದಾರೆ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಸೆರಾಂಪುರದ ಹೆಸರಲ್ಲಿ ಡಿಗ್ರಿ ಕೊಡುವವರೇ, ಸೆರಾಂಪುರದ್ದೇ ಕತೆ ಹೇಳುತ್ತೇನೆ ಕೇಳಿ. ಅಲ್ಲಿ ಮೊದಲು ದೀಕ್ಷಾಸ್ನಾನ ಪಡೆದ ಕೃಷ್ಣಪಾಲ್ ಬಡಗಿ. 1803ರಲ್ಲಿ ಅವನ ಮಗಳನ್ನು ಮದುವೆಯಾದವನು ಕೃಷ್ಣಪ್ರಸಾದ್, ಬ್ರಾಹ್ಮಣ. ಮಿಷನರಿಗಳು ಆ ಮದುವೆಯೂಟಕ್ಕೆ ಕೂತು ಉಂಡರು. ಅದಕ್ಕೂ ಆರು ನೂರಕ್ಕೂ ಹೆಚ್ಚು ವರ್ಷ ಮೊದಲು ನನ್ನ ಜಿಲ್ಲೆಯ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಅದಕ್ಕೆ ಆ ತಂದೆಯರನ್ನು ಆನೆ ಕಾಲಿಗೆ ಕಟ್ಟಿಸಿ ಎಳೆಸಿದರು ಅಂತ ನಮ್ಮ ಕಡೆ ಇವತ್ತಿಗೂ ಹೇಳುತ್ತಾರೆ. ಬಸವಕಲ್ಯಾಣದಲ್ಲಿ ಹರಳಯ್ಯನ ಗವಿ ಇದೆ. ನಾನು ಆ ಮಣ್ಣಿನವನು. ನನಗೆ ಸೆಮಿನರಿಯಲ್ಲಿ ಹರಳಯ್ಯ 'ಅನ್ಯಧರ್ಮಗಳು' ಅನ್ನುವ ಪೇಪರಿನಲ್ಲಿ, ಭಕ್ತಿಪಂಥ ಅನ್ನುವ ತಲೆಬರಹದ ಕೆಳಗೆ, ಗಂಟೆ ಬಾರಿಸುವ ಮುಂಚೆ ಉಳಿದ ಸ್ವಲ್ಪ ಹೊತ್ತಿನಲ್ಲಿ ಬಂದುಹೋದ. ಅನ್ಯ ಅಂತೆ. ನನಗೆ ಹರಳಯ್ಯ ಅನ್ಯ, ಡೆನ್ಮಾರ್ಕಿನ ದೊರೆ ಸ್ವಂತ.

ಇನ್ನು ಕಾನೂನು. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆಗೆದರು. ಧರ್ಮ ನೋಡದೆ ಆ ಸ್ಥಾನ ಕೊಡಿ ಅಂತ 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಹೇಳಿತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದು ಮಾಡಿದರು. ಹಾಗಾಗಿ ನಮ್ಮ ಮನೆಯಲ್ಲಿ ಅಣ್ಣ ಕಾಗದದ ಮೇಲೆ ಹಿಂದೂ ಮಾದಿಗ, ನಾನು ಕ್ರೈಸ್ತ. ಅಣ್ಣನಿಗೆ ನೌಕರಿ ಸಿಕ್ಕಿತು, ನನಗೆ ದೇವಜ್ಞಾನ. ಭಾನುವಾರ ಇಬ್ಬರೂ ಅವ್ವನ ಅಕ್ಕಪಕ್ಕ ಒಂದೇ ಚಾಪೆಯಲ್ಲಿ ಕೂತು ಹಾಡುತ್ತೇವೆ. ಸಭೆಯ ದೊಡ್ಡವರು ಅಣ್ಣನನ್ನು ಕಂಡು 'ಸರ್ಟಿಫಿಕೇಟ್ ಹಿಂದೂ' ಅಂತ ನಗುತ್ತಾರೆ. ಇಂಥ ಮನೆಗೆ ಹೋಗಿ ಪಾದ್ರಿ ಏನು ಹೇಳಬೇಕು? ಸುಳ್ಳು ಪಾಪ ಅಂತಲೇ? ಹಸಿವು ಪುಣ್ಯ ಅಂತಲೇ? ನೀತಿಶಾಸ್ತ್ರದ ಕ್ಲಾಸಿನಲ್ಲಿ ತತ್ವಜ್ಞಾನಿ ಕಾಂಟ್ ಸುಳ್ಳಿನ ಬಗ್ಗೆ ಏನಂದ ಅಂತ ಓದಿದೆ. ತಹಶೀಲ್ದಾರರ ಕಚೇರಿಯ ಕಿಟಕಿ ಮುಂದೆ ನಿಂತ ನನ್ನಣ್ಣನ ಸುಳ್ಳಿನ ಬಗ್ಗೆ ಪಾಠವಿರಲಿಲ್ಲ.

ಕರ್ನಾಟಕ ಸರ್ಕಾರದ 2025ರ ಜಾತಿ ಸಮೀಕ್ಷೆಯ ಪಟ್ಟಿಯಲ್ಲಿ ಹಿಂದೂ ಜಾತಿಗಳ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಸೇರಿಸಿದ್ದು ಕಂಡು ರಾಜ್ಯದಲ್ಲಿ ಗದ್ದಲವೆದ್ದಿತು. ನನಗೆ ಪರಿಚಯವಿರುವ ಸಭೆಯ ಹಿರಿಯರೊಬ್ಬರು ಫೋನ್ ಮಾಡಿ, "ನಮ್ಮಲ್ಲಿ ಎಲ್ಲಿದೆ ಜಾತಿ, ನೋಡಿ ನಮಗೆ ಮಸಿ ಬಳೀತಿದ್ದಾರೆ" ಅಂದರು. ಅವರ ಮಗನಿಗೆ ಹೆಣ್ಣು ಹುಡುಕುವಾಗ 'ಮೂಲ ನೋಡ್ಕೊಂಡು ಹೇಳಿ' ಅಂತ ನನಗೇ ಹೇಳಿದವರು ಅವರೇ.

ಸಿಲಬಸ್ಸಿಗೆ ಇನ್ನೂ ಬರೆದುಕೊಳ್ಳಿ. ಲೆಕ್ಕಪತ್ರ ಓದಲು ಕಲಿಸಿ. ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಸಭೆಯ ಆಸ್ತಿ ಇರುವುದು ಟ್ರಸ್ಟ್ ಅಸೋಸಿಯೇಶನ್ ಅನ್ನುವ, ಕಂಪನಿ ಕಾಯ್ದೆಯಲ್ಲಿ ನೋಂದಾಯಿಸಿದ ಕಂಪನಿಯ ಹೆಸರಿನಲ್ಲಿ. ಬ್ಯಾಲೆನ್ಸ್ ಶೀಟ್ ನೋಡಲು ಬಾರದ ಪಾದ್ರಿಯ ಕಣ್ಣೆದುರೇ ಸ್ಮಶಾನದ ಪಕ್ಕದ ಜಾಗ ಶಾಪಿಂಗ್ ಕಾಂಪ್ಲೆಕ್ಸ್ ಆಗುತ್ತದೆ, ಹಳ್ಳಿ ಪಾದ್ರಿಗೆ ತಿಂಗಳುಗಟ್ಟಲೆ ಸಂಬಳವಿರುವುದಿಲ್ಲ. ಎಫ್‌ಐಆರ್ ಅಂದರೇನು ಅಂತ ಕಲಿಸಿ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತ ಪ್ರಾರ್ಥನಾಲಯಗಳ ಮೇಲೆ ದಾಳಿಯಾಯಿತು. ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆಯಲ್ಲಿ ಮತಾಂತರ ಆದವರು ದಲಿತರಾದರೆ, ಹೆಂಗಸರಾದರೆ ಮಾಡಿಸಿದವನಿಗೆ ಶಿಕ್ಷೆ 10 ವರ್ಷದವರೆಗೆ. ಅದನ್ನು ರದ್ದು ಮಾಡುತ್ತೇವೆ ಅಂತ 2023ರಲ್ಲಿ ಸಂಪುಟ ತೀರ್ಮಾನಿಸಿತು. ಠಾಣೆಗೆ ಎಳೆದೊಯ್ದಾಗ ಪಾದ್ರಿಯ ನೆರವಿಗೆ ದೇವಜ್ಞಾನಿ ಕಾರ್ಲ್ ಬಾರ್ತ್ ಬರುವುದಿಲ್ಲ.

ಹೆಂಗಸರ ಮಾತು. ಸಿಎಸ್‌ಐ 1976ರಲ್ಲಿ ಮೊದಲ ಮಹಿಳೆಗೆ ದೀಕ್ಷೆ ಕೊಟ್ಟಿತು. ಮಹಿಳಾ ಬಿಷಪ್ ಬರಲು 2013ರವರೆಗೆ ಕಾಯಬೇಕಾಯಿತು, ನಂದ್ಯಾಲದ ಪುಷ್ಪಲಲಿತಾ. ನನ್ನ ಜೊತೆ ಓದಿ ಹೀಬ್ರೂನಲ್ಲಿ ನನ್ನನ್ನು ಮೀರಿಸಿದ ಹುಡುಗಿಯನ್ನು ಹಾಸ್ಟೆಲ್ ವಾರ್ಡನ್ ಮಾಡಿ ಕೂರಿಸಿದರು. ಅಕ್ಕಿ ಬೇಳೆ ಲೆಕ್ಕ ಬರೆಯುತ್ತಾಳೆ. ಹೀಬ್ರೂ ತುಕ್ಕು ಹಿಡಿಯುತ್ತಿದೆ.

ದೀಕ್ಷೆಯಾದ ವರ್ಷ ಊರಿಗೆ ಹೋದಾಗ ಅವ್ವನಿಗೆ ಬಟ್ಟಲಿನ ಕತೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. "ಅಲ್ಲೋ ತಮ್ಮಾ, ಇಷ್ಟು ವರ್ಷ ಓದೀದಿ. ಆಕಿಗಿ ಎದುರು ನಿಂತು ಯಾಕ ಕುಡಿಯಂಗಿಲ್ಲಬೇ ಅಂತ ಕೇಳೂದು ಒಂದು ಕಲಿಸಲಿಲ್ಲೇನು ನಿಮ್ಮ ಸಾಲ್ಯಾಗ?" ಅಂದಳು.

ಕಲಿಸಲಿಲ್ಲವ್ವ.

ಅದೇ ಕಲಿಸಬೇಕಾದದ್ದು. ಮೂರು ವಿಷಯದಲ್ಲಿ ರ‍್ಯಾಂಕ್ ಬಂದರೂ ಆ ಒಂದು ಪ್ರಶ್ನೆ ಕೇಳಲು ಬಾಯಿ ಬಾರದವನನ್ನು ಪಾದ್ರಿ ಮಾಡಬೇಡಿ, ಗುಮಾಸ್ತ ಮಾಡಿ. ಈ ವರ್ಷ ಬಿಷಪ್ಪರ ಶಿಫಾರಸು ಪತ್ರ ಜೇಬಿನಲ್ಲಿಟ್ಟುಕೊಂಡು ಸೆಮಿನರಿಗೆ ಹೊರಟಿರುವ ಕೇರಿಯ ತಮ್ಮಂದಿರೇ, ತಂಗಿಯರೇ, ಗ್ರೀಕ್ ಚೆನ್ನಾಗಿ ಕಲಿಯಿರಿ. ಹೀಬ್ರೂ ಮೇಲ್ಜಾತಿಯವರಿಗಿಂತ ಚೆನ್ನಾಗಿ ಕಲಿಯಿರಿ. ಆದರೆ ಮೊದಲ ದಿನವೇ ಎದ್ದು ನಿಂತು, ಜಾತಿಯ ಪೇಪರ್ ಎಲ್ಲಿ, ಎಲ್ಲರಿಗೂ ಕಡ್ಡಾಯ ಯಾಕಿಲ್ಲ ಅಂತ ಕೇಳಿ. ಉತ್ತರ ಕೊಡದಿದ್ದರೆ ಎರಡನೇ ದಿನವೂ ಕೇಳಿ. ಹೊರಗೆ ಹಾಕಿದರೆ ಗೇಟಿನ ಮುಂದೆ ಕೂತು ಆ ಪೇಪರನ್ನು ನೀವೇ ಬರೆಯಿರಿ, ಕನ್ನಡದಲ್ಲಿ ಬರೆಯಿರಿ, ಅವ್ವನಿಗೆ ಓದಿ ಹೇಳಲು ಬರುವಂತೆ ಬರೆಯಿರಿ.